ಹವಳದ ಅಕ್ವೇರಿಯಂನಲ್ಲಿ ಸಮುದ್ರ ಸೌತೆ: ತರುವ ಮುನ್ನ ತಿಳಿಯಬೇಕಾದ ಅಂಶಗಳು

ಉಪ್ಪುನೀರಿನ ಅಕ್ವೇರಿಯಂ ಇರಿಸಿಕೊಂಡಿರುವ ಹವ್ಯಾಸಿಗಳಿಗೆ ಮಾರಾಟಗಾರರು ಸಮುದ್ರ ಸೌತೆಯನ್ನು ‘ಮರಳು ಶುಚಿಗೊಳಿಸುವ ಜೀವಿ’ ಎಂದು ಪರಿಚಯಿಸುವುದುಂಟು. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದೆ ತಂದವರು ಒಂದೇ ರಾತ್ರಿಯಲ್ಲಿ ತೊಟ್ಟಿಯ ಎಲ್ಲ ಮೀನುಗಳನ್ನೂ ಕಳೆದುಕೊಳ್ಳುವ ಸಂಭವವಿದೆ.

ಎಲ್ಲಕ್ಕಿಂತ ಮೊದಲು ಕಾನೂನಿನ ವಿಷಯ. ಭಾರತದಲ್ಲಿ 2001ರಲ್ಲಿ ಸಮುದ್ರ ಸೌತೆಯ ಎಲ್ಲ ಪ್ರಭೇದಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತರಲಾಯಿತು. ಇವುಗಳನ್ನು ಹಿಡಿಯುವುದು, ಮಾರುವುದು, ಅನುಮತಿಯಿಲ್ಲದೆ ಇರಿಸಿಕೊಳ್ಳುವುದು ಜೈಲುಶಿಕ್ಷೆಗೆ ಗುರಿಪಡಿಸಬಲ್ಲ ಅಪರಾಧ. ಅದೇ ವರ್ಷ ದಿಬ್ಬ ಕಟ್ಟುವ ಗಟ್ಟಿ ಹವಳಗಳಿಗೂ ಈ ರಕ್ಷಣೆ ದೊರೆಯಿತು. ಆದುದರಿಂದ ಕರ್ನಾಟಕದ ಹವ್ಯಾಸಿಗಳು ಸಮುದ್ರ ಸೌತೆಯನ್ನು ಕೊಳ್ಳಬಾರದು. ‘ಹೊರದೇಶದಿಂದ ಬಂದದ್ದು’ ಎಂಬ ಬಾಯಿಮಾತಿನ ಭರವಸೆಯನ್ನು ನಂಬಬಾರದು. ಮುಂದೆ ನೀಡಿರುವ ಪಾಲನಾ ಕ್ರಮಗಳು ಇವುಗಳ ಸಾಕಣೆಗೆ ಕಾನೂನಿನ ಅಡ್ಡಿಯಿಲ್ಲದ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ.

ಜೀವಿಯ ಸ್ವಭಾವ

ಹೆಸರು ತರಕಾರಿಯದಾದರೂ ಇದು ನಕ್ಷತ್ರಮೀನಿನ ಬಳಗಕ್ಕೆ ಸೇರಿದ ಕಂಟಕಚರ್ಮಿ ಪ್ರಾಣಿ. ತಮಿಳುನಾಡಿನ ಮೀನುಗಾರರು ಇದನ್ನು ‘ಕಡಲ್ ಅಟ್ಟೈ’, ಎಂದರೆ ಕಡಲ ಜಿಗಣೆ, ಎಂದು ಕರೆಯುತ್ತಾರೆ. ಬಾಯಿಯ ಸುತ್ತಲಿನ ಕರಬಳ್ಳಿಗಳಿಂದ ಆಹಾರವನ್ನು ಸಂಗ್ರಹಿಸುವ ಇದು ಗುದದ್ವಾರದ ಮೂಲಕ ನೀರನ್ನು ಒಳಗೆಳೆದು, ದೇಹದೊಳಗೆ ಮರದಂತೆ ಕವಲೊಡೆದ ಅಂಗದಿಂದ ಉಸಿರಾಡುತ್ತದೆ.

ಅಕ್ವೇರಿಯಂ ವ್ಯಾಪಾರದಲ್ಲಿ ಮುಖ್ಯವಾಗಿ ಎರಡು ಬಗೆಗಳು ಕಂಡುಬರುತ್ತವೆ. ಹೊಲೊಥೂರಿಯ ಕುಲದವು ಮರಳನ್ನು ನುಂಗಿ, ಅದರ ಕಣಗಳಿಗೆ ಅಂಟಿದ ಸೂಕ್ಷ್ಮ ಪಾಚಿ, ಬ್ಯಾಕ್ಟೀರಿಯ ಮತ್ತು ಕೊಳೆತ ಪದಾರ್ಥಗಳನ್ನು ಜೀರ್ಣಿಸಿಕೊಂಡು, ಉಳಿದ ಮರಳನ್ನು ಹಿಕ್ಕೆಯಾಗಿ ಹೊರಹಾಕುತ್ತವೆ. ‘ಸಮುದ್ರ ಸೇಬು’ ಎಂಬ ಬಣ್ಣದ ಪ್ರಭೇದ ಹಾಗಲ್ಲ. ಅದು ಹರಿಯುವ ನೀರಿನಲ್ಲಿ ತೇಲಿಬರುವ ಪ್ಲವಕಗಳನ್ನು ಸೋಸಿ ತಿನ್ನುತ್ತದೆ. ಮನೆಯ ಅಕ್ವೇರಿಯಂನಲ್ಲಿ ಅದಕ್ಕೆ ಸಾಕಾಗುವಷ್ಟು ಆಹಾರ ಒದಗಿಸುವುದು ಬಹು ಕಷ್ಟ. ಎಷ್ಟೇ ಸುಂದರವಾಗಿ ಕಂಡರೂ ಸಮುದ್ರ ಸೇಬನ್ನು ತರಬಾರದೆಂಬುದೇ ನಮ್ಮ ಸಲಹೆ.

ಹಸಿವು ಕಣ್ಣಿಗೆ ಕಾಣದು

ಸಾಕಣೆಯಲ್ಲಿ ಸಮುದ್ರ ಸೌತೆಗಳು ಸಾಯಲು ರೋಗಕ್ಕಿಂತ ಹಸಿವೇ ಸಾಮಾನ್ಯ ಕಾರಣ. ಆಹಾರ ಸಾಲದಾದಾಗ ಇವು ತಟ್ಟನೆ ಸಾಯುವುದಿಲ್ಲ. ತಿಂಗಳುಗಟ್ಟಲೆ ದೇಹವನ್ನು ಕುಗ್ಗಿಸಿಕೊಳ್ಳುತ್ತಾ ಬದುಕಿರುತ್ತವೆ. ದೇಹವು ಸ್ವಾಭಾವಿಕವಾಗಿಯೇ ಹಿಗ್ಗಿ ಕುಗ್ಗುವುದರಿಂದ ಈ ಇಳಿಕೆ ಮಾಲೀಕರ ಗಮನಕ್ಕೆ ಬರುವುದೇ ಇಲ್ಲ. ಪ್ರತಿ ತಿಂಗಳು, ಪ್ರಾಣಿಯು ಚಾಚಿಕೊಂಡು ಮೇಯುತ್ತಿರುವಾಗ, ಗಾಜಿನ ಹೊರಗಿನಿಂದ ಅದರ ಉದ್ದವನ್ನು ಅಳೆದು ಬರೆದಿಡಿ. ಸತತವಾಗಿ ಇಳಿಯುತ್ತಿದ್ದರೆ ತೊಟ್ಟಿಯ ಮರಳಿನಲ್ಲಿ ಆಹಾರ ಮುಗಿದಿದೆ ಎಂದೇ ತಿಳಿಯಬೇಕು. ಮೀನಿನ ಆಹಾರದ ಪುಡಿ ಅಥವಾ ಪುಡಿ ಮಾಡಿದ ಕಡಲಪಾಚಿಯನ್ನು ಸ್ವಲ್ಪ ಪ್ರಮಾಣದಲ್ಲಿ ಮರಳಿನ ಮೇಲೆ ಉದುರಿಸಬಹುದು.

ಹೊಸ ತೊಟ್ಟಿಯ ತೊಳೆದ ಮರಳಿನಲ್ಲಿ ಮೇವೇ ಇರುವುದಿಲ್ಲ. ತೊಟ್ಟಿ ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಹಳೆಯದಾಗಿರಲಿ; 5 ಸೆಂ.ಮೀ.ನಷ್ಟು ನಯವಾದ ಮರಳಿನ ಹಾಸು ಇರಲಿ. ಸುಮಾರು 300 ಲೀಟರ್ ನೀರಿಗೆ ಒಂದೇ ಪ್ರಾಣಿ ಸಾಕು. ಲವಣಾಂಶ ಸಾವಿರಕ್ಕೆ 35 ಭಾಗ, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ರಸಸಾರ 8.1ರಿಂದ 8.4 ಇರಬೇಕು. ಅಮೋನಿಯ ಮತ್ತು ನೈಟ್ರೈಟ್ ಇರಲೇಕೂಡದು. ಲವಣಾಂಶದ ಹಠಾತ್ ಬದಲಾವಣೆಯನ್ನು ಇವು ಸಹಿಸವು; ತಂದ ದಿನ ತೊಟ್ಟಿಯ ನೀರನ್ನು ಹನಿಹನಿಯಾಗಿ ಬೆರೆಸುತ್ತಾ ಒಂದೆರಡು ಗಂಟೆ ಒಗ್ಗಿಸಿದ ನಂತರವೇ ಒಳಗೆ ಬಿಡಬೇಕು. ಮೀನಿನ ರೋಗಕ್ಕೆ ಬಳಸುವ ತಾಮ್ರಯುಕ್ತ ಔಷಧಗಳು ಇವಕ್ಕೆ ಮಾರಕ.

ವಿಷದ ಅಪಾಯ

ಗಾಬರಿಗೊಂಡಾಗ ಅಥವಾ ಗಾಯಗೊಂಡಾಗ ಹಲವು ಪ್ರಭೇದಗಳು ಅಂಟಿನ ಎಳೆಗಳನ್ನು ಚಿಮ್ಮಿಸುತ್ತವೆ. ಕೆಲವು ತಮ್ಮ ಕರುಳನ್ನೇ ಹೊರಚೆಲ್ಲುತ್ತವೆ. ಕಳೆದುಕೊಂಡ ಅಂಗಗಳು ಮತ್ತೆ ಬೆಳೆಯುತ್ತವೆಯಾದರೂ ಜೊತೆಗೆ ಬಿಡುಗಡೆಯಾಗುವ ಹೊಲೊಥೂರಿನ್ ಎಂಬ ವಿಷ ಮೀನುಗಳನ್ನು ಕೊಲ್ಲುತ್ತದೆ. ಅದೇ ವಿಷ ಸಮುದ್ರದಲ್ಲಿ ಬೇಗನೆ ಚದುರಿಹೋಗುತ್ತದೆ. ಕೆಲವು ನೂರು ಲೀಟರ್ ನೀರಿನಲ್ಲಿ ಅದು ಹೋಗುವುದಾದರೂ ಎಲ್ಲಿಗೆ?

ಇಂತಹ ಅನಾಹುತಕ್ಕೆ ಬಹುತೇಕ ಪಂಪ್‌ಗಳೇ ಕಾರಣ. ರಾತ್ರಿ ಗಾಜಿನ ಮೇಲೆ ಹತ್ತುವ ಪ್ರಾಣಿ ನೀರು ಸೆಳೆಯುವ ಬಾಯಿಗೆ ಸಿಕ್ಕಿ ಹರಿದುಹೋಗುತ್ತದೆ. ಪಂಪ್‌ಗಳ ಎಲ್ಲ ಬಾಯಿಗಳಿಗೂ ಸ್ಪಂಜು ಅಥವಾ ಸಣ್ಣ ಕಣ್ಣಿನ ಬಲೆಯನ್ನು ಪ್ರಾಣಿ ಬರುವ ಮೊದಲೇ ಕಟ್ಟಿರಬೇಕು. ಸೌತೆಯನ್ನು ಕಚ್ಚುವ ಮೀನುಗಳು ತೊಟ್ಟಿಯಲ್ಲಿರಬಾರದು.

ಮೀನುಗಳು ಏಕಾಏಕಿ ಏದುಸಿರು ಬಿಡುತ್ತಾ ಮೇಲಕ್ಕೆ ಬಂದರೆ ಕಾರಣ ಹುಡುಕುತ್ತಾ ಕೂರಬೇಡಿ. ಮೀನುಗಳನ್ನು ಬೇರೆ ಉಪ್ಪುನೀರಿಗೆ ವರ್ಗಾಯಿಸಿ, ಗಾಯಗೊಂಡ ಸೌತೆಯನ್ನು ಹೊರತೆಗೆಯಿರಿ. ಅರ್ಧದಷ್ಟು ನೀರನ್ನು ಬದಲಿಸಿ, ಹೊಸ ಸಕ್ರಿಯ ಇದ್ದಿಲನ್ನು ಧಾರಾಳವಾಗಿ ಹಾಕಿ, ಪ್ರೋಟೀನ್ ಸ್ಕಿಮ್ಮರ್ ಅನ್ನು ನಿಲ್ಲಿಸದೆ ನಡೆಸಿ. ಬದಲಿಸಲು ಬೇಕಾದ ಉಪ್ಪುನೀರು ಮತ್ತು ಇದ್ದಿಲು ಮನೆಯಲ್ಲಿ ಯಾವಾಗಲೂ ಸಿದ್ಧವಿರಬೇಕು; ನಡುರಾತ್ರಿ ಅಂಗಡಿ ತೆರೆದಿರುವುದಿಲ್ಲ.

ಹೊಲೊಥೂರಿಯ ಆಟ್ರದಂತಹ ಕೆಲವು ಪ್ರಭೇದಗಳು ನಡುವೆ ಸಪೂರಾಗಿ ಎರಡು ತುಂಡಾಗುವುದುಂಟು. ಇದು ರೋಗವಲ್ಲ, ಸಂತಾನಾಭಿವೃದ್ಧಿಯ ಒಂದು ವಿಧಾನ. ಮುಟ್ಟದೆ ಬಿಡಿ.

ಕರ್ನಾಟಕದ ಹವ್ಯಾಸಿಗಳು ಏನು ಮಾಡಬೇಕು?

ಮರಳಿನ ಶುಚಿತ್ವಕ್ಕೆ ಸಮುದ್ರ ಸೌತೆ ಅನಿವಾರ್ಯವಲ್ಲ. ಮೀನಿಗೆ ಹಾಕುವ ಆಹಾರವನ್ನು ಮಿತಗೊಳಿಸಿ, ವಾರಕ್ಕೊಮ್ಮೆ ಕೊಳವೆಯಿಂದ ಮರಳಿನ ಮೇಲ್ಪದರದ ಕಸವನ್ನು ಹೀರಿ ತೆಗೆಯಿರಿ. ಮರಳಿನಲ್ಲಿ ಹುದುಗುವ ನಸ್ಸೇರಿಯಸ್ ಬಸವನಹುಳುಗಳು ಮಿಕ್ಕ ಆಹಾರವನ್ನು ತಿಂದು ಮುಗಿಸುತ್ತವೆ.

ಇದನ್ನು ಲಾಭದಾಯಕ ಕೃಷಿಯಾಗಿ ಕೈಗೊಳ್ಳಬಹುದೇ ಎಂಬ ಪ್ರಶ್ನೆಯೂ ಏಳುವುದು ಸಹಜ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ತೂತುಕುಡಿಯಲ್ಲಿ ಹೊಲೊಥೂರಿಯ ಸ್ಕೇಬ್ರ ಪ್ರಭೇದದ ಮರಿಗಳನ್ನು ಉತ್ಪಾದಿಸಿತ್ತು. ತಂತ್ರಜ್ಞಾನವಿದೆ ಎಂಬ ಕಾರಣಕ್ಕೆ ಅನುಮತಿಯೂ ಇದೆ ಎಂದು ಭಾವಿಸಿ ಹಣ ಹೂಡಬೇಡಿ.

ತಿಳಿಯದೆ ಈಗಾಗಲೇ ಕೊಂಡಿದ್ದರೆ ಅದನ್ನು ಕಡಲಿಗಾಗಲೀ ಚರಂಡಿಗಾಗಲೀ ಬಿಡದೆ, ಇನ್ನೊಬ್ಬರಿಗೆ ಮಾರದೆ, ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಅವರ ಸೂಚನೆಯಂತೆ ನಡೆಯಿರಿ.