ನಿಮಗಿದು ಗೊತ್ತೇ? ಕೆಜಿಎಫ್‌ನಿಂದ ಸುಪ್ರೀಂ ಕೋರ್ಟಿಗೆ ಹೋದ ಲೆಕ್ಕಗಳು

ನಿಮ್ಮ ಹೆಸರಿನಲ್ಲಿ ಉಳಿದಿರುವ ಗಳಿಕೆ ರಜೆಗೆಂದು ಕಂಪನಿ ಲೆಕ್ಕದಲ್ಲಿ ಹಣ ತೆಗೆದಿಟ್ಟರೆ ಅದು ಯಾವ ವರ್ಷದ ಖರ್ಚು? ತೆಗೆದಿಟ್ಟ ವರ್ಷದ್ದೋ, ನೀವು ನಿವೃತ್ತರಾಗಿ ಹಣ ಎಣಿಸಿಕೊಂಡ ವರ್ಷದ್ದೋ? ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ಕೆಜಿಎಫ್‌ನಲ್ಲಿ ಬುಲ್ಡೋಜರ್ ತಯಾರಿಸುವ ಬೆಮೆಲ್. ಆಗಿನ ಹೆಸರು ಭಾರತ್ ಅರ್ತ್ ಮೂವರ್ಸ್, ಹುಟ್ಟಿದ್ದು 1964ರಲ್ಲಿ. 1978-79ರ ತೆರಿಗೆ ನಿರ್ಧಾರಣಾ ವರ್ಷಕ್ಕೆ ಕಂಪನಿ ನೌಕರರ ರಜೆ ನಗದೀಕರಣಕ್ಕೆಂದು 62,25,483 ರೂಪಾಯಿ ತೆಗೆದಿಟ್ಟು, ಅಷ್ಟನ್ನು ಆದಾಯದಿಂದ ಕಳೆಯಿರಿ ಎಂದು ಕೇಳಿತ್ತು.

ಆದಾಯ ತೆರಿಗೆ ಇಲಾಖೆಯ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನೌಕರ ರಜೆ ಹಾಕಿ ಊರಿಗೆ ಹೋಗಬಹುದು, ರಜೆ ಉಳಿಸಿ ಹಣ ಕೇಳಬಹುದು. ಯಾವುದು ಆಗುತ್ತದೆಂದು ಇವತ್ತೇ ಹೇಳಲಾಗದ ಮೇಲೆ ಇವತ್ತೇ ಖರ್ಚು ಬರೆಯುವುದು ಹೇಗೆ? ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಕಂಪನಿಯ ಮಾತು ಒಪ್ಪಿತು. ಹೈಕೋರ್ಟ್ ಇಲಾಖೆಯ ಪರ ನಿಂತಿತು. 2000ದ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್ ಹೈಕೋರ್ಟಿನ ಅಭಿಪ್ರಾಯವನ್ನು ತಿರುಗಿಸಿತು. ಕೆಲಸ ಮಾಡಿದ ದಿನವೇ ರಜೆಯ ಹಕ್ಕು ಹುಟ್ಟಿದೆ, ಹೊಣೆಯೂ ಅಂದೇ ಹುಟ್ಟಿದೆ. ಹಣ ಕೊಡುವ ದಿನ ಮುಂದಿರಬಹುದು, ಮೊತ್ತವನ್ನು ಅಂದಾಜು ಮಾಡಬೇಕಾಗಬಹುದು, ಆದರೂ ಹೊಣೆ ಖಚಿತ ಎಂಬುದು ತೀರ್ಪಿನ ಸಾರ. ಅಂದಾಜಿಗೆ ಸಮಂಜಸವಾದ ಆಧಾರವಿದ್ದರೆ ಸಾಕು.

ವಾರಂಟಿ, ಬೋನಸ್, ಪಿಂಚಣಿ, ಯಾವುದಕ್ಕೆ ಹಣ ತೆಗೆದಿಡುವ ತಕರಾರು ಬಂದರೂ ದೇಶದ ತೆರಿಗೆ ವಕೀಲರು ಇವತ್ತಿಗೂ ಮೊದಲು ಹೆಸರಿಸುವ ತೀರ್ಪುಗಳಲ್ಲಿ ಇದೊಂದು. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿದ್ದ ರಜೆ ದಿನಗಳ ಲೆಕ್ಕ ಇತ್ಯರ್ಥವಾಗಲು 20 ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬುದನ್ನು ಮಾತ್ರ ನಾನು ಹೊಗಳಲಾರೆ. ಆ ಲೆಕ್ಕ ಬರೆದ ಎಷ್ಟೋ ಗುಮಾಸ್ತರು ಅಷ್ಟರಲ್ಲಿ ತಾವೇ ನಿವೃತ್ತರಾಗಿರುತ್ತಾರೆ.

ಗೆದ್ದ ಮರುವರ್ಷವೇ ಏನಾಯಿತು ಗೊತ್ತೇ? ಸಂಸತ್ತು ಆದಾಯ ತೆರಿಗೆ ಕಾಯ್ದೆಯನ್ನೇ ತಿದ್ದಿತು. 2001ರ ಹಣಕಾಸು ಕಾಯ್ದೆಯಲ್ಲಿ ಬಂದ 43ಬಿ(ಎಫ್) ಕಲಮಿನ ಪ್ರಕಾರ, ರಜೆಯ ಹಣವನ್ನು ನಿಜವಾಗಿ ಕೊಟ್ಟಾಗಲೇ ತೆರಿಗೆ ಲೆಕ್ಕದಲ್ಲಿ ಖರ್ಚು. ಬ್ಯಾಟರಿ ತಯಾರಿಸುವ ಎಕ್ಸೈಡ್ ಕಂಪನಿ ಇದನ್ನು ಪ್ರಶ್ನಿಸಿತು. ಕಲ್ಕತ್ತಾ ಹೈಕೋರ್ಟ್ 2007ರಲ್ಲಿ ಆ ಕಲಮನ್ನು ರದ್ದು ಮಾಡಿತು. 2020ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿಯಿತು. ಬೆಮೆಲ್ ತೀರ್ಪಿನ ತತ್ವ ಹಾಗೇ ಉಳಿಯಿತು, ರಜೆಯ ಹಣಕ್ಕೆ ಮಾತ್ರ ಬೇರೆ ನಿಯಮ ಬಂತು.

ತೆರಿಗೆ ಮೇಲ್ಮನವಿಯಲ್ಲಿ ಹೈಕೋರ್ಟ್ ಲೆಕ್ಕವನ್ನು ಮತ್ತೆ ಕೂಡಿ ಕಳೆದು ನೋಡುವುದಿಲ್ಲ. 1998ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕ್ರಮದಲ್ಲಿ, ಮಹತ್ವದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಇಲಾಖೆಯೂ ಚಿಕ್ಕ ಮೊತ್ತಕ್ಕೆ ಮೇಲೆ ಹೋಗುವಂತಿಲ್ಲ. 2024ರ ಸೆಪ್ಟೆಂಬರ್‌ನ ಸುತ್ತೋಲೆಯಂತೆ ಸಾಮಾನ್ಯವಾಗಿ ನ್ಯಾಯಮಂಡಳಿಗೆ 60 ಲಕ್ಷ, ಹೈಕೋರ್ಟಿಗೆ 2 ಕೋಟಿ, ಸುಪ್ರೀಂ ಕೋರ್ಟಿಗೆ 5 ಕೋಟಿ ರೂಪಾಯಿ ಮೀರಿದ ತೆರಿಗೆಯ ವಿವಾದವಿರಬೇಕು.

ಇನ್ನು ಕೆಜಿಎಫ್‌ನ ಚಿನ್ನದ ಗಣಿಯ ಕಥೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಬಂದು, ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು, ಒಟ್ಟು 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿ ಇದು. 1956ರಲ್ಲಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಒಂದು ಗ್ರಾಂ ಚಿನ್ನ ತೆಗೆಯುವ ಖರ್ಚು ಅದನ್ನು ಮಾರಿ ಬರುವ ಹಣವನ್ನು ಮೀರಿ ಹೋದ ಮೇಲೆ, 1992ರಲ್ಲಿ ಕಂಪನಿ ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಯ ಮುಂದೆ ಹೋಗಿ ನಿಂತಿತು. ಜನರ ಬಾಯಲ್ಲಿ ಅದು ಬಿಐಎಫ್‌ಆರ್.

ಬಿಐಎಫ್‌ಆರ್ ತಾನೇ ಯಾವ ಕಂಪನಿಗೂ ಬೀಗ ಹಾಕುವಂತಿರಲಿಲ್ಲ, ಇದು ನಿಮಗೆ ಗೊತ್ತೇ? ಉಳಿಸಲು ಸಾಧ್ಯವಿಲ್ಲ ಎಂದು ಕಂಡರೆ ಆ ಅಭಿಪ್ರಾಯವನ್ನು ಹೈಕೋರ್ಟಿಗೆ ಕಳಿಸಬೇಕಿತ್ತು, ಸಮಾಪನದ ಆದೇಶ ಅಲ್ಲಿಂದಲೇ ಬರಬೇಕಿತ್ತು. ನಡುವೆ ದೆಹಲಿಯಲ್ಲಿ ಒಂದು ಮೇಲ್ಮನವಿ ಪ್ರಾಧಿಕಾರವೂ ಇತ್ತು. 2000ದ ಜೂನ್ 12ರಂದು ಬಿಐಎಫ್‌ಆರ್ ಕೆಜಿಎಫ್ ಗಣಿಯನ್ನು ಮುಚ್ಚುವುದೇ ಸರಿ ಎಂದಿತು. ಮೇಲ್ಮನವಿ ಫಲಿಸಲಿಲ್ಲ. ಕೈಗಾರಿಕಾ ವಿವಾದ ಕಾಯ್ದೆಯಡಿ ಮುಚ್ಚುವ ಅನುಮತಿ ಸಿಕ್ಕಿ, 2001ರ ಫೆಬ್ರವರಿ 28 ಗಣಿಯ ಕೊನೆಯ ದಿನವಾಯಿತು.

ಕಾರ್ಮಿಕರು ಸುಮ್ಮನಾಗಲಿಲ್ಲ. ನೆಲದಡಿ ಇನ್ನೂ ಚಿನ್ನವಿದೆ, ಮೇಲೆ ಸಾವಿರಾರು ಎಕರೆ ಭೂಮಿಯಿದೆ, ನಮ್ಮ ಸಹಕಾರ ಸಂಘಕ್ಕೆ ಕೊಟ್ಟರೆ ನಾವೇ ನಡೆಸುತ್ತೇವೆ ಎಂದು ಹೈಕೋರ್ಟಿಗೆ ಹೋದರು. ಜಾಗತಿಕ ಟೆಂಡರ್ ಕರೆದು ಮಾರುತ್ತೇವೆ ಎಂಬುದು ಕೇಂದ್ರದ ನಿಲುವು. ಆಸ್ತಿ ಯಾರ ಕೈ ಸೇರಬೇಕು ಎಂದು ಸರ್ಕಾರ ಮಾಡುವ ನೀತಿಯಲ್ಲಿ ನ್ಯಾಯಾಲಯ ಎಷ್ಟು ದೂರ ಕೈಹಾಕಬಹುದು ಎಂಬುದು ವಾದದ ತಿರುಳು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಟೆಂಡರ್‌ಗೆ ದಾರಿ ಬಿಟ್ಟಿತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಗಣಿ ಬೇರೆ ಕಾರ್ಖಾನೆಯಂತಲ್ಲ. ಬಟ್ಟೆ ಗಿರಣಿಗೆ ಹತ್ತು ವರ್ಷ ಬೀಗ ಹಾಕಿದರೆ ಯಂತ್ರ ತುಕ್ಕು ಹಿಡಿಯುತ್ತದೆ, ಹೊಸದು ತರಬಹುದು. ಗಣಿಯಲ್ಲಿ ಪಂಪು ನಿಂತ ದಿನದಿಂದ ನೀರು ಏರುತ್ತದೆ. ಸುರಂಗ ಮುಳುಗುತ್ತದೆ, ಆಸರೆಗೆ ಕೊಟ್ಟ ಮರ ಕೊಳೆಯುತ್ತದೆ, ಹಗ್ಗ, ಕಬ್ಬಿಣ, ಬಂಡೆಯ ಗುಣ ಗೊತ್ತಿದ್ದ ಮೇಸ್ತ್ರಿಗಳ ವಯಸ್ಸು ಕಳೆಯುತ್ತದೆ. ಬೆಂಗಳೂರಿನಲ್ಲೂ ದೆಹಲಿಯಲ್ಲೂ ವಾದ ನಡೆದ 12 ವರ್ಷಗಳಲ್ಲಿ ಶಾಫ್ಟುಗಳಲ್ಲಿ ನೀರು ತುಂಬಿತು. ಕಾರ್ಮಿಕರ ವಕೀಲರು ಗೆದ್ದಿದ್ದರೂ ಅವರಿಗೆ ಸಿಗುತ್ತಿದ್ದದ್ದು 2001ರ ಗಣಿಯಲ್ಲ. ಇಂಥ ಆಸ್ತಿಯ ಮೇಲ್ಮನವಿ ಬಂದಾಗ ಪಂಪು ನಡೆಸುವ ಖರ್ಚು ಯಾರದು ಎಂದು ಮೊದಲ ದಿನವೇ ಕೇಳಬೇಕು. ವಾದ ಆಮೇಲೆ ನಡೆಯಲಿ.

ಬಿಐಎಫ್‌ಆರ್ ಈಗ ಇಲ್ಲ, 2016ರ ಡಿಸೆಂಬರ್ 1ರಂದು ಅದರ ಬಾಗಿಲು ಮುಚ್ಚಿತು. ಈಗಿನ ದಿವಾಳಿ ಸಂಹಿತೆಯಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಯಿಂದ ಮೇಲ್ಮನವಿ ಚೆನ್ನೈ ಪೀಠಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ವೇಗ ನೋಡಿ: ಕ್ರಿಕೆಟ್ ಮಂಡಳಿಯ 158.9 ಕೋಟಿ ರೂಪಾಯಿ ಬಾಕಿಗೆ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ವಿರುದ್ಧ ದಿವಾಳಿ ಪ್ರಕ್ರಿಯೆ ಶುರುವಾದದ್ದು 2024ರ ಜುಲೈ 16ಕ್ಕೆ. ಆಗಸ್ಟ್ 2ಕ್ಕೆ ಚೆನ್ನೈ ಪೀಠ ರಾಜಿಗೆ ಒಪ್ಪಿತು. ರಾಜಿಗೂ ಕಾನೂನು ಹಾಕಿಕೊಟ್ಟ ದಾರಿಯಿದೆ, ಅದನ್ನು ಬಿಟ್ಟು ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅಕ್ಟೋಬರ್ 23ಕ್ಕೆ ಅದನ್ನು ರದ್ದು ಮಾಡಿತು. ಮೂರು ಮೆಟ್ಟಿಲು, ನಾಲ್ಕು ತಿಂಗಳೊಳಗೆ.

ಮೂರು ಲಕ್ಷ ರೂಪಾಯಿಯ ವ್ಯಾಪಾರ ವ್ಯಾಜ್ಯವೂ ಈಗ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬಹುದು. 2015ರಲ್ಲಿ ಈ ಮಿತಿ 1 ಕೋಟಿ ಇತ್ತು, 2018ರಲ್ಲಿ ಇಳಿಸಿದರು. ಮೇಲ್ಮನವಿಗೆ 60 ದಿನ ಅವಕಾಶ, ಅದನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಬಂಗಾರಪೇಟೆಯ ಮಂಡಿ ವರ್ತಕರು ಇದನ್ನು ತಿಳಿದಿರುವುದು ಒಳ್ಳೆಯದು.

ಕೆಜಿಎಫ್‌ನಾಚೆಗೂ ನಮ್ಮ ನಾಡಿನ ಇಂಥ ಪ್ರಕರಣಗಳಿವೆ. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂಬ ತತ್ವಕ್ಕೆ ಬಲ ತುಂಬಿದ ಮೊಕದ್ದಮೆಯ ಮಿನರ್ವಾ ಮಿಲ್ಸ್ ಬೆಂಗಳೂರಿನ ಬಟ್ಟೆ ಗಿರಣಿ. 1971ರಲ್ಲಿ ಸರ್ಕಾರ ಅದರ ಆಡಳಿತ ವಹಿಸಿಕೊಂಡಿತು, 1974ರಲ್ಲಿ ರಾಷ್ಟ್ರೀಕರಣ ಮಾಡಿತು. ನಾನಿ ಪಾಲ್ಖಿವಾಲ ವಾದಿಸಿದ ಆ ಮೊಕದ್ದಮೆಯಲ್ಲಿ 42ನೇ ತಿದ್ದುಪಡಿಯ ಎರಡು ಮುಖ್ಯ ಕಲಮುಗಳು 1980ರಲ್ಲಿ ಬಿದ್ದುಹೋದವು. ಗಿರಣಿ ಮಾತ್ರ ಹಳೆಯ ಮಾಲೀಕರಿಗೆ ಮರಳಲಿಲ್ಲ, 1986ರಲ್ಲಿ ಅದೇ ನ್ಯಾಯಾಲಯ ರಾಷ್ಟ್ರೀಕರಣವನ್ನು ಎತ್ತಿಹಿಡಿಯಿತು.

1970ರ ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಅದನ್ನು ಕೇಳಿದ 11 ನ್ಯಾಯಮೂರ್ತಿಗಳ ಪೀಠದಲ್ಲಿ ಕರಾವಳಿಯವರೇ ಆದ ಕೆ.ಎಸ್. ಹೆಗ್ಡೆ ಇದ್ದರು.

ಅಗರಬತ್ತಿಯಿಂದಲೂ ಒಂದು ದೊಡ್ಡ ತೀರ್ಪು ಹುಟ್ಟಿದೆ, ಗೊತ್ತೇ? ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣ. ಪಾಲುದಾರಿಕೆ ಸಂಸ್ಥೆ 1965ರ ಕೊನೆಗೆ ವಿಸರ್ಜನೆಯಾದಾಗ ಅದರ ಹೆಸರಿಗೆ, ಅಂದರೆ ಗುಡ್‌ವಿಲ್‌ಗೆ, ಒಂದೂವರೆ ಲಕ್ಷ ರೂಪಾಯಿ ಬೆಲೆ ಕಟ್ಟಲಾಗಿತ್ತು. ಬೆಲೆ ಕೊಟ್ಟು ಕೊಳ್ಳದ, ತಾನಾಗಿ ಬೆಳೆದ ಹೆಸರಿನ ಅಸಲು ಎಷ್ಟೆಂದು ಹೇಳಲಾಗದು, ಅಸಲೇ ಇಲ್ಲದೆ ಲಾಭ ಲೆಕ್ಕ ಹಾಕಲಾಗದು, ಆದ್ದರಿಂದ ಬಂಡವಾಳ ಲಾಭದ ತೆರಿಗೆಯೂ ಇಲ್ಲ ಎಂದು 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲೂ ಸಂಸತ್ತು ಕಾಯ್ದೆ ತಿದ್ದಿ, ಅಂಥ ಗುಡ್‌ವಿಲ್‌ನ ಅಸಲನ್ನು ಸೊನ್ನೆ ಎಂದೇ ಎಣಿಸಬೇಕು ಎಂದಿತು.

ಮತ್ತೆ ಕೆಜಿಎಫ್‌ಗೆ ಬರೋಣ. ಇಲ್ಲಿನ ಗಣಿ ಕಂಪನಿಗಳು ಮೈಸೂರು ಸಂಸ್ಥಾನಕ್ಕೆ ಚಿನ್ನದ ಮೇಲೆ ಶೇ 5ರ ರಾಜಧನ ಕೊಡುತ್ತಿದ್ದವು. ರಾಜಧನ ತೆರಿಗೆಯೇ ಎಂಬ ಪ್ರಶ್ನೆಗೆ 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅಲ್ಲ ಎಂದಿತು. ಖನಿಜ ಭೂಮಿಯ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದು ಎಂದೂ ಸೇರಿಸಿತು. ಒಪ್ಪದ ಒಬ್ಬರೇ ನ್ಯಾಯಮೂರ್ತಿ ಕರ್ನಾಟಕದ ಬಿ.ವಿ. ನಾಗರತ್ನ. ರಾಜ್ಯಗಳು ಪೈಪೋಟಿಯಲ್ಲಿ ತೆರಿಗೆ ಹೇರಿದರೆ ದೇಶದ ಖನಿಜ ಅಭಿವೃದ್ಧಿಯೇ ಕೆಡುತ್ತದೆ ಎಂಬ ಅವರ ಆತಂಕವನ್ನು ಗಣಿ ಮುಚ್ಚಿದ ಊರಿನವರು ಗಮನವಿಟ್ಟು ಓದಬೇಕು.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುತ್ತದೆ. ಈ ಊರುಗಳ ಬೂದು ಬಣ್ಣದ ಸೈನೈಡ್ ಗುಡ್ಡಗಳು ಚಿನ್ನ ತೆಗೆದ ಮೇಲೆ ಸುರಿದ ಮಣ್ಣು. ಗಾಳಿಕಾಲದಲ್ಲಿ ಆ ಧೂಳು ಕಾರ್ಮಿಕರ ಲೈನ್ ಮನೆಗಳೊಳಗೆ ಬರುತ್ತದೆ. ಅಂಥ 13 ಗುಡ್ಡಗಳು, 1,003.4 ಎಕರೆ. ಅವುಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಹರಾಜಿನ ಷರತ್ತುಗಳು ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚಾಗಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಸಿಗುವಂತಿರಬೇಕು. ಎಷ್ಟು ಸ್ಥಳೀಯರಿಗೆ ಕೆಲಸ, ಧೂಳಿಗೆ ಏನು ತಡೆ, ತಕರಾರು ಬಂದರೆ ಯಾವ ನ್ಯಾಯಾಲಯ ಎಂಬ ಮೂರಕ್ಕೂ ಉತ್ತರ ಅದರಲ್ಲಿ ಬರವಣಿಗೆಯಲ್ಲೇ ಇರಬೇಕು.