ಬೆನ್ನುಮೂಳೆಯೊಳಗೆ ಅವಿತ ರೋಗಾಣು ಯಾವುದು?

ಕುಷ್ಟಗಿ, ಯಲಬುರ್ಗಾ ಸೀಮೆಯ ಕುರಿಗಾಹಿಗಳಿಗೆ ಸೊಂಟನೋವು ಹೊಸದಲ್ಲ. ದಿನವಿಡೀ ನಡಿಗೆ, ರಾತ್ರಿ ಹೊಲದಲ್ಲೇ ಮಲಗುವ ಬದುಕು. ನೋವು ಬಂದರೆ ಗುಳಿಗೆ, ಹೆಚ್ಚೆಂದರೆ ಇಂಜೆಕ್ಷನ್. ಆದರೆ ಮಲಗಿದರೂ ಬಿಡದ ನೋವಿನ ಜೊತೆಗೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಇಳಿಯುವ ತೂಕ ಸೇರಿದರೆ ಅದನ್ನು ದುಡಿಮೆಯ ನೋವೆಂದು ತಳ್ಳಿಹಾಕುವಂತಿಲ್ಲ. ಬೆನ್ನುಮೂಳೆಗೇ ಸೋಂಕು ತಗಲಿರಬಹುದು.

ಈ ಭಾಗದಲ್ಲಿ ವೈದ್ಯರ ಮೊದಲ ಅನುಮಾನ ಕ್ಷಯದ ಮೇಲೆ. ಅದು ಸಹಜ. 1779ರಲ್ಲಿ ಇಂಗ್ಲೆಂಡಿನ ಪರ್ಸಿವಲ್ ಪಾಟ್ ವಿವರಿಸಿದ ಬೆನ್ನುಮೂಳೆ ಕ್ಷಯ ನಮ್ಮಲ್ಲಿ ಇಂದಿಗೂ ಇದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಕೀವು ಕಟ್ಟಿಸುವ ಸ್ಟ್ಯಾಫಿಲೊಕಾಕಸ್ ಕೂಡ ಇರಬಹುದು. ಮರೆತುಹೋಗುವುದು ಮೂರನೆಯದು, ಬ್ರುಸೆಲ್ಲಾ. ಕುರಿ, ಆಡು, ದನಗಳು ಕಂದು ಹಾಕುವಂತೆ ಮಾಡುವ ಈ ರೋಗಾಣು, ಕಂದು ಬಿದ್ದಾಗ ಮಾಸನ್ನು ಬರಿಗೈಯಲ್ಲಿ ಎತ್ತಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ದಾಟುತ್ತದೆ. ಕೆಂಗುರಿ ತಳಿಯ ತವರುಗಳಲ್ಲಿ ಗಂಗಾವತಿಯೂ ಒಂದು. ಇಲ್ಲಿ ಇದನ್ನು ಮರೆಯಲೇಬಾರದು. ವಿಜಯಪುರದಲ್ಲಿ ಬಿ.ಜಿ. ಮಂಟೂರ ಮತ್ತು ಸಂಗಡಿಗರು ವಯಸ್ಕರಲ್ಲಿ 16 ವರ್ಷ ಕಂಡ ಬ್ರುಸೆಲ್ಲೋಸಿಸ್ ಅನುಭವವನ್ನು 2006ರಲ್ಲೇ ಪ್ರಕಟಿಸಿದ್ದಾರೆ.

ಎಂಆರ್‌ಐ ಸೋಂಕು ಎಲ್ಲಿದೆ, ಎಷ್ಟು ಹರಡಿದೆ ಎಂದು ತೋರಿಸುತ್ತದೆ. ಯಾವ ರೋಗಾಣು ಎಂಬುದನ್ನು ಖಚಿತವಾಗಿ ಹೇಳಲಾರದು.

ಅದಕ್ಕೇ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ. ರೋಗಿಯನ್ನು ಸಿಟಿ ಸ್ಕ್ಯಾನ್ ಮೇಜಿನ ಮೇಲೆ ಬೋರಲು ಮಲಗಿಸಿ, ಚರ್ಮ ಮತ್ತು ಅದರಡಿಯ ಭಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಸೂಜಿ ಸ್ವಲ್ಪ ಒಳಗೆ ಹೋದಂತೆಲ್ಲ ಮತ್ತೆ ಸ್ಕ್ಯಾನ್. ನರಗಳನ್ನು ತಪ್ಪಿಸಿ ಸರಿಯಾದ ದಾರಿಯಲ್ಲಿದೆಯೇ ಎಂದು ನೋಡಿಕೊಂಡೇ ಮುಂದಿನ ಹೆಜ್ಜೆ. ಕೊನೆಗೆ ಮೂಳೆಯ ಸಣ್ಣ ಚೂರು, ಸಿಕ್ಕರೆ ಒಂದಿಷ್ಟು ಕೀವು. ದೊಡ್ಡ ಆಪರೇಷನ್ ಇಲ್ಲ, ಹೊಲಿಗೆಯೂ ಇಲ್ಲ.

ಇಷ್ಟೆಲ್ಲ ಮಾಡಿದ ಶ್ರಮ ಒಂದು ಬಾಟಲಿಯಲ್ಲಿ ಹಾಳಾಗಬಹುದು. ಇಡೀ ಚೂರನ್ನು ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸಾಯುತ್ತದೆ, ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಆದ್ದರಿಂದ ಅಂಗಾಂಶ ಪರೀಕ್ಷೆಗೆ ಒಂದು ಭಾಗ ಫಾರ್ಮಲಿನ್‌ನಲ್ಲಿ, ಕಲ್ಚರ್‌ಗೂ ಸಿಬಿನಾಟ್‌ಗೂ ಇನ್ನೊಂದು ಭಾಗ ಶುದ್ಧ ಸಲೈನ್‌ನಲ್ಲಿ. ಸಿಬಿನಾಟ್ ಯಂತ್ರ ಸುಮಾರು ಎರಡು ಗಂಟೆಯಲ್ಲಿ ಕ್ಷಯ ಇದೆಯೇ, ಅದು ಕ್ಷಯದ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂದು ತಿಳಿಸುತ್ತದೆ. ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವ ಸಾಧ್ಯತೆ ಹೆಚ್ಚು. ಕಾಲುಗಳ ಬಲ ಕುಂದದಿದ್ದರೆ, ರಕ್ತಕ್ಕೆ ಸೋಂಕು ಏರದಿದ್ದರೆ, ಬಯಾಪ್ಸಿ ಮುಗಿಯುವವರೆಗೆ ಔಷಧಿ ತಡೆಹಿಡಿಯುವುದು ಒಳ್ಳೆಯದು.

ಊಹೆಯ ಮೇಲೆ ಚಿಕಿತ್ಸೆ ಶುರುಮಾಡುವುದರ ಅಪಾಯ ಇಲ್ಲಿ ಎದ್ದು ಕಾಣುತ್ತದೆ. ಬೆನ್ನುಮೂಳೆ ಕ್ಷಯಕ್ಕೆ ನಮ್ಮಲ್ಲಿ ಕನಿಷ್ಠ 12 ತಿಂಗಳ ಔಷಧಿ. ಬ್ರುಸೆಲ್ಲಾಗೆ ಬೇರೆ ಜೋಡಿ ಔಷಧಿಗಳು, ಕನಿಷ್ಠ 3 ತಿಂಗಳು. ರಿಫಾಂಪಿಸಿನ್ ಎರಡಕ್ಕೂ ನಾಟುತ್ತದೆ. ಕ್ಷಯದ ಗುಳಿಗೆ ನುಂಗಿದ ಬ್ರುಸೆಲ್ಲಾ ರೋಗಿಗೆ ತುಸು ಹಾಯೆನಿಸಿ, ತಪ್ಪು ಔಷಧಿಯೇ ಸರಿ ಎಂಬ ಭ್ರಮೆ ಹುಟ್ಟಬಹುದು.

ಬ್ರುಸೆಲ್ಲಾ ಅನುಮಾನವಿದ್ದರೆ ರಕ್ತಪರೀಕ್ಷೆ ಮೊದಲು. ಅಲ್ಲೇ ಖಚಿತವಾದರೆ ಸಾಮಾನ್ಯವಾಗಿ ಸೂಜಿಯೇ ಬೇಡ. ಸೂಜಿ ಹಾಕುವುದಾದರೆ, ಮನೆಯಲ್ಲಿ ಕುರಿ ಇವೆ, ಈಚೆಗೆ ಕಂದು ಹಾಕಿವೆ ಎಂಬ ಮಾತನ್ನು ರೋಗಿಯ ಕಡೆಯವರು ವೈದ್ಯರಿಗೆ ಹೇಳಬೇಕು, ವೈದ್ಯರು ಅದನ್ನು ಲ್ಯಾಬಿನ ಚೀಟಿಯಲ್ಲಿ ಬರೆಯಬೇಕು. ಬ್ರುಸೆಲ್ಲಾ ಕಲ್ಚರ್ ನಿಧಾನವಾಗಿ ಬೆಳೆಯುವುದರಿಂದ ತಟ್ಟೆಗಳನ್ನು ಹೆಚ್ಚು ದಿನ ಇಡಬೇಕಾಗುತ್ತದೆ. ತಿಳಿಯದೆ ತೆರೆದರೆ ಲ್ಯಾಬ್ ಸಿಬ್ಬಂದಿಗೂ ಗಾಳಿಯ ಮೂಲಕ ಸೋಂಕು ತಗಲಬಹುದು.