ಬೆಂಗಳೂರು ಕೋಟೆ: ಜೀರ್ಣೋದ್ಧಾರವೋ ಸಂರಕ್ಷಣೆಯೋ?

ಜಯನಗರ, ಬನಶಂಕರಿಗಳ ವಿದ್ಯಾರ್ಥಿಗಳಿಗೆ ಕೆಂಪೇಗೌಡರ ಹೆಸರನ್ನು ನೆನಪಿಗೆ ತರುವುದು ಲಾಲ್‌ಬಾಗಿನ ಬಂಡೆಯ ಮೇಲಣ ಗಡಿಗೋಪುರ. ಅದಕ್ಕೆ ವಾಯವ್ಯದಲ್ಲಿ, ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ, ನಗರದ ಕೋಟೆಯ ಅಲ್ಪಾವಶೇಷವಾದ ದೆಹಲಿ ಬಾಗಿಲಿದೆ. ಇದನ್ನು ಹಿಂದಿನ ಸ್ಥಿತಿಗೆ ತರಬೇಕೆಂಬ ಅಪೇಕ್ಷೆ ಸಹಜವಾದುದೇ. ಆದರೆ ಯಾವ ಹಿಂದಿನ ಸ್ಥಿತಿಗೆ?

1537ರಲ್ಲಿ ಕೆಂಪೇಗೌಡರು ಕಟ್ಟಿಸಿದುದು ಮಣ್ಣಿನ ಕೋಟೆ. 1761ರಲ್ಲಿ ಹೈದರಾಲಿಯು ಅದನ್ನು ಕಲ್ಲಿನದಾಗಿಸಿದನು. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಸೇನೆ ಗೋಡೆಯನ್ನೊಡೆದು ಒಳನುಗ್ಗಿತು. ಮುಂದೆ ರಸ್ತೆ, ಆಸ್ಪತ್ರೆ, ವಿದ್ಯಾಸಂಸ್ಥೆಗಳಿಗಾಗಿ ಗೋಡೆಗಳನ್ನು ಹಂತಹಂತವಾಗಿ ಕೆಡವಲಾಯಿತು. ಮೊದಲನೆಯ ಕೋಟೆಯನ್ನು ಅರಸಿದರೆ ಎರಡನೆಯದನ್ನು ಕಳೆಯಬೇಕು. ಎರಡನೆಯದನ್ನು ಪೂರ್ಣಗೊಳಿಸಿದರೆ ಮುತ್ತಿಗೆಯ ಗುರುತು ಅಳಿಯುತ್ತದೆ.

ಜೀರ್ಣೋದ್ಧಾರವೆಂಬುದು ಪೂಜೆ ನಡೆಯುವ ದೇವಾಲಯಕ್ಕೆ ಸಲ್ಲುವ ಮಾತು. ಅಲ್ಲಿ ಕಟ್ಟಡದ ಬಳಕೆ ಮುಂದುವರಿಯಬೇಕು. ಕೋಟೆಗಾದರೋ ಕಾವಲಿನ ಕೆಲಸ ಮುಗಿದಿದೆ. ಈಗ ಅದರ ಕೆಲಸ ಸಾಕ್ಷ್ಯ ನುಡಿಯುವುದು. ಊಹೆ ಆರಂಭವಾಗುವಲ್ಲಿ ದುರಸ್ತಿ ನಿಲ್ಲಬೇಕೆಂದು 1964ರ ವೆನಿಸ್ ಸನ್ನದು ವಿಧಿಸಿದುದು ಈ ಕಾರಣದಿಂದಲೇ.

ಇನ್ನು ಕೆಲಸದ ಕ್ರಮ. ಹಳೆಯ ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಬಿಡುತ್ತದೆ. ಸಂದುಗಳಿಗೆ ಸಿಮೆಂಟನ್ನು ತುಂಬಿದರೆ ತೇವವು ಒಳಗೇ ಉಳಿದು, ಅದರೊಡನೆ ಸಾಗುವ ಲವಣಗಳು ಕಲ್ಲಿನ ಮೈಯನ್ನೂ ಗಾರೆಯ ಅಲಂಕಾರಗಳನ್ನೂ ಸಡಿಲಿಸುತ್ತವೆ. ಆದುದರಿಂದ ಸುಣ್ಣಕ್ಕೆ ಸುಣ್ಣವೇ ಹೊಂದುವುದು. ಅರಳಿ, ಆಲಗಳ ಸಸಿಗಳನ್ನು ಬೇರು ಬಲಿಯುವ ಮೊದಲೇ ತೆಗೆಯುವುದೂ, ಮಳೆನೀರು ಬುಡದಲ್ಲಿ ನಿಲ್ಲದಂತೆ ಹರಿಯಿಸುವುದೂ ಅಷ್ಟೇ ಮುಖ್ಯ.

ಗೋಡೆಗಿಂತಲೂ ಹೆಚ್ಚು ಅಪಾಯದಲ್ಲಿರುವುದು ಕೋಟೆಯ ನೆಲ. ಟೀಪುವಿನ ಅರಮನೆಯೂ ಕೋಟೆ ವೆಂಕಟರಮಣ ದೇವಾಲಯವೂ ಒಂದೇ ಕೋಟೆಯೊಳಗಿದ್ದುವೆಂಬುದು ಅಲ್ಲಿ ನಡೆದಾಡುವವರಿಗೆ ಇಂದು ತೋರದು. 2012ರಲ್ಲಿ ಮೆಟ್ರೋ ಕಾಮಗಾರಿಗಾಗಿ ಈ ಪ್ರದೇಶದಲ್ಲಿ ನೆಲವನ್ನಗೆದಾಗ ಕಬ್ಬಿಣದ ಫಿರಂಗಿಗಳು ದೊರೆತವು. ಮಣ್ಣಿನಡಿಯಲ್ಲಿ ಇತಿಹಾಸವು ಇನ್ನೂ ಉಳಿದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 2010ರಲ್ಲಿ ತಿದ್ದುಪಡಿಯಾದ ಕಾನೂನು ರಕ್ಷಿತ ಸ್ಮಾರಕದ ಸುತ್ತ 100 ಮೀಟರುಗಳಲ್ಲಿ ಹೊಸ ಕಟ್ಟಡಗಳನ್ನು ನಿಷೇಧಿಸುತ್ತದೆ. ಆದರೆ ಗೋಡೆಯೇ ಇಲ್ಲದಾದ ಕಡೆ ಆ ಅಳತೆಯನ್ನು ಎಲ್ಲಿಂದ ಹಿಡಿಯುವುದು?

ಕೋಟೆಯನ್ನು ಮರಳಿ ಕಟ್ಟುವ ಅಗತ್ಯವಿಲ್ಲ. ಮುತ್ತಿಗೆಯ ಕಾಲದ ನಕ್ಷೆಗಳನ್ನು ಇಂದಿನ ನಕ್ಷೆಯೊಡನೆ ಹೋಲಿಸಿ, ಅಳಿದ ಗೋಡೆಯ ಜಾಡನ್ನು ಕಾಲುದಾರಿಗಳಲ್ಲಿ ಬೇರೆ ಬಣ್ಣದ ಕಲ್ಲಿನಿಂದ ಗುರುತಿಸಬಹುದು. ಆ ಜಾಡಿನಲ್ಲಿ ನೆಲವನ್ನಗೆಯುವಾಗಲೆಲ್ಲ ಪುರಾತತ್ತ್ವಜ್ಞರು ಹಾಜರಿರುವಂತೆ ಏರ್ಪಡಿಸಬಹುದು. ಹೋಲಿಕೆಯ ಕಾರ್ಯಕ್ಕೆ ನಮ್ಮ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳೇ ತೊಡಗಬಹುದು. ಉಳಿದುದನ್ನು ಉಳಿದಂತೆ ಕಾಯುವುದು, ಅಳಿದುದನ್ನು ಅಳಿದುದೆಂದೇ ತೋರಿಸುವುದು—ಇವೆರಡೂ ಕೂಡಿದರೆ ಮಾತ್ರ ಸಂರಕ್ಷಣೆ ಪ್ರಾಮಾಣಿಕವೆನಿಸುವುದು.